ಅಕ್ಕನಿಗೆ ಮುಂದಿನ ವಾರ ಮೊದಲ ಕೀಮೋ. ಮೊದಲ ದಿನಗಳು ಹೇಗಿರುತ್ತವೆ?

ಪುಟ್ಟತಂಗಿ:
ನನ್ನ ಅಕ್ಕನಿಗೆ ಸ್ತನ ಕ್ಯಾನ್ಸರ್. ಬಯಾಪ್ಸಿ, ಸ್ಕ್ಯಾನ್ ಎಲ್ಲ ಮುಗಿದಿದೆ. ಮೊದಲು ಕೀಮೋ ಕೊಟ್ಟು ಗೆಡ್ಡೆ ಕುಗ್ಗಿಸಿ ಆಮೇಲೆ ಆಪರೇಷನ್ ಅಂತ ಡಾಕ್ಟರ್ ಹೇಳಿದ್ದಾರೆ. ಔಷಧಿ ಡಾಕ್ಸೊರುಬಿಸಿನ್ ಮತ್ತು ಸೈಕ್ಲೊಫಾಸ್ಫಮೈಡ್. ಡಾಕ್ಟರ್ ನಿಧಾನವಾಗಿ, ಚೆನ್ನಾಗಿಯೇ ವಿವರಿಸಿದರು. ಆದರೆ ಹೊರಗೆ ಬಂದ ಮೇಲೆ ನಮ್ಮಿಬ್ಬರಿಗೂ ಅರ್ಧಕ್ಕರ್ಧ ನೆನಪಿಲ್ಲ.

ಅಕ್ಕ ಮಾತು ಕಮ್ಮಿ ಮಾಡಿದ್ದಾಳೆ. ಬೀರುವಿನ ಬಟ್ಟೆಯನ್ನೆಲ್ಲ ತೆಗೆದು ಮಡಚಿಡುತ್ತಾಳೆ, ಮಾರನೇ ದಿನ ಮತ್ತೆ ಅದನ್ನೇ ತೆಗೆಯುತ್ತಾಳೆ. ನಾನು "ಧೈರ್ಯವಾಗಿರು, ಏನೂ ಆಗಲ್ಲ" ಅಂದರೆ ಎದ್ದು ಒಳಗೆ ಹೋಗುತ್ತಾಳೆ. ಅವಳು ಪೂರ್ತಿ ಮಲಗಿಬಿಡುತ್ತಾಳಾ? ಮನೆಯಲ್ಲಿ ಏನು ಇಟ್ಟುಕೊಳ್ಳಬೇಕು? ಅವಳ ಹತ್ತಿರ ಏನು ಮಾತಾಡಬೇಕು? ಇದನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ಮೋಡದಂಚು:
ನನಗೂ ಇದೇ ಎರಡು ಔಷಧಿ ಕೊಟ್ಟಿದ್ದರು. ನಿಮ್ಮ ಅಕ್ಕನಿಗೂ ಹೀಗೇ ಆಗುತ್ತದೆ ಅಂತಲ್ಲ, ನನಗಾದದ್ದು ಹೇಳುತ್ತೇನೆ.

ಡಾಕ್ಸೊರುಬಿಸಿನ್ ಕೆಂಪಗಿರುತ್ತದೆ. ನನಗೆ ನರ್ಸ್ ಪಕ್ಕದಲ್ಲೇ ಕೂತು ಸಿರಿಂಜಿನಿಂದ ನಿಧಾನಕ್ಕೆ ಹಾಕಿದರು. ಅದು ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಚರ್ಮ, ಮಾಂಸಕ್ಕೆ ಪೆಟ್ಟಾಗುತ್ತದೆ. ಹಾಗಾಗಿ ಸೂಜಿ ಚುಚ್ಚಿದ ಕಡೆ ಸ್ವಲ್ಪ ಉರಿ ಅನಿಸಿದರೂ ಅಕ್ಕ ಅಲ್ಲೇ ಬಾಯಿಬಿಟ್ಟು ಹೇಳಬೇಕು, ತಡ್ಕೊಂಡು ಕೂರಬಾರದು. ಆಮೇಲೆ ಒಂದೆರಡು ದಿನ ಮೂತ್ರ ಕೆಂಪಗೆ ಹೋಗುತ್ತದೆ. ಅದು ಔಷಧಿಯ ಬಣ್ಣ. ಮೊದಲೇ ಗೊತ್ತಿಲ್ಲದಿದ್ದರೆ ಎದೆ ಧಸಕ್ಕೆನ್ನುತ್ತದೆ. ಒಂದೆರಡು ದಿನ ಕಳೆದರೂ ಕೆಂಪು ಹೋಗದಿದ್ದರೆ, ಅಥವಾ ಉರಿ ಇದ್ದರೆ ಆಸ್ಪತ್ರೆಗೆ ತಿಳಿಸಿ. ಇನ್ನೊಂದು ಔಷಧಿ ಮೂತ್ರಕೋಶವನ್ನು ಕೆರಳಿಸುತ್ತದೆ. ಬೇರೆ ಕಾರಣಕ್ಕೆ ನೀರು ಕಮ್ಮಿ ಕುಡಿಯಿರಿ ಅಂತ ಡಾಕ್ಟರ್ ಹೇಳಿಲ್ಲದಿದ್ದರೆ, ಆ ದಿನ, ಮರುದಿನ ಚೆನ್ನಾಗಿ ನೀರು ಕುಡಿದು ಆಗಾಗ ಹೋಗಿ ಬರಬೇಕು.

ಮೊದಲ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ. ವಾಂತಿ ತಡೆಯಲು ಕೊಡುವ ಸ್ಟೀರಾಯ್ಡ್‌ನಿಂದ ಹಾಗಾಗುತ್ತದಂತೆ. ಆವತ್ತು ಮನೆಯೆಲ್ಲ ಓಡಾಡಿಕೊಂಡಿದ್ದೆ. ಸುಸ್ತು ಬಂದದ್ದು ಅದರ ಪರಿಣಾಮ ಇಳಿದ ಮೇಲೆ. ಸ್ನಾನ ಮಾಡಿ ಬಂದು ಟವೆಲ್ ಹಿಡಿದುಕೊಂಡೇ ಮಂಚದ ಮೇಲೆ ಕೂತುಬಿಡುತ್ತಿದ್ದೆ. ಒಂದು ವಾರ ಹಾಗೆ. ಆಮೇಲೆ ನಿಧಾನಕ್ಕೆ ಚೇತರಿಕೆ, ಮುಂದಿನ ಸಲಕ್ಕೆ ಮುಂಚೆ ಹೆಚ್ಚುಕಮ್ಮಿ ನಾನು ನಾನೇ. ಹಾಗಾಗಿ ಮೊದಲ ಸುತ್ತಿನಲ್ಲಿ ಯಾವ ದಿನ ಏನಾಯಿತು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಎರಡನೇ ಸುತ್ತಿಗೆ ಅದೇ ನಿಮ್ಮ ದಾರಿ ತೋರಿಸುತ್ತದೆ. ಯಾವ ದಿನ ಯಾರು ಜೊತೆಗಿರಬೇಕು, ಯಾವ ದಿನ ಅವಳ ಪಾಡಿಗೆ ಬಿಡಬಹುದು ಅಂತ ಗೊತ್ತಾಗುತ್ತದೆ. ಡಾಕ್ಟರ್‌ಗೂ ಆ ಪುಟ ತೋರಿಸಿ. ನನ್ನದನ್ನು ನೋಡಿಯೇ ವಾಂತಿಯ ಮಾತ್ರೆ ಬದಲಾಯಿಸಿದರು.

ಆ ಮಾತ್ರೆಗಳನ್ನು ಬರೆದುಕೊಟ್ಟ ಹೊತ್ತಿಗೇ ತೆಗೆದುಕೊಳ್ಳಲಿ. ವಾಕರಿಕೆ ಶುರುವಾಗಲಿ ಅಂತ ಕಾದರೆ ಹಿಡಿತಕ್ಕೆ ತರುವುದು ಕಷ್ಟ. ಒಂಡಾನ್ಸೆಟ್ರಾನ್ ಅನ್ನುವ ವಾಂತಿಯ ಮಾತ್ರೆ ಕೊಟ್ಟರೆ ಮಲಬದ್ಧತೆ ಆಗಬಹುದು. ಅದಕ್ಕೇನು ಮಾಡಬೇಕು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಸಂಕೋಚದಿಂದ ಯಾರೂ ಕೇಳುವುದಿಲ್ಲ, ಆಮೇಲೆ ಒದ್ದಾಡುತ್ತಾರೆ.

ಕೂದಲು ಎರಡು-ಮೂರು ವಾರಕ್ಕೆ ಉದುರಲು ಶುರುವಾಗುತ್ತದೆ. ನನಗೆ ಅದಕ್ಕೂ ಮುಂಚೆ ತಲೆಯ ಚರ್ಮ ನೋಯುತ್ತಿತ್ತು, ದಿಂಬಿಗೆ ತಲೆಯಿಟ್ಟರೂ ನೋವು. ಒಂದು ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡಾಗ ಬೆರಳ ಸಂದಿಯಲ್ಲೆಲ್ಲ ಕೂದಲು. ಅತ್ತುಬಿಟ್ಟೆ. ಸಂಜೆ ನಮ್ಮವರು ಟ್ರಿಮ್ಮರ್ ತಂದು ಪೂರ್ತಿ ತೆಗೆದರು, ಕಿವಿಯ ಹಿಂದೆ ಬಂದಾಗ ಅವರ ಕೈ ನಡುಗುತ್ತಿತ್ತು. ಅಕ್ಕ ಕೂದಲಿಗೆ ಅತ್ತರೆ "ಮತ್ತೆ ಬರುತ್ತೆ ಬಿಡು" ಅನ್ನಬೇಡಿ. ಬರುತ್ತದೆ, ನಿಜ. ಆದರೆ ಆವತ್ತು ಹೋಗಿರುತ್ತದಲ್ಲ.

"ಧೈರ್ಯವಾಗಿರು" ಅಂದಾಗ ನಾನೂ ಎದ್ದು ಹೋಗುತ್ತಿದ್ದೆ. ಹೆದರಿಕೆ ಆಗುತ್ತಿದೆ ಅಂತ ಹೇಳಲು ಜಾಗವೇ ಇಲ್ಲದಂತಾಗುತ್ತದೆ ಆ ಮಾತಿನಿಂದ. ನೀವು ಬೇಕಾದರೆ "ನನಗೂ ಭಯ ಆಗ್ತಿದೆ ಅಕ್ಕ" ಅನ್ನಿ. ಇಲ್ಲದಿದ್ದರೆ ಸುಮ್ನೆ ಪಕ್ಕದಲ್ಲಿ ಕೂತು ಆ ಬಟ್ಟೆ ಮಡಚಿ.

ಡೇಕೇರ್ ಸಿಸ್ಟರ್:
ನಾನು ಕೀಮೋ ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್. ಮನೆಯಲ್ಲಿ ಏನಿರಬೇಕು ಅಂತ ಕೇಳಿದ್ದೀರಿ. ಎಲ್ಲಕ್ಕಿಂತ ಮೊದಲು ಥರ್ಮಾಮೀಟರ್.

ಕೀಮೋ ಆದ 7ರಿಂದ 14ನೇ ದಿನದ ಹೊತ್ತಿಗೆ ಬಿಳಿ ರಕ್ತಕಣ ತೀರಾ ಕಮ್ಮಿಯಾಗುತ್ತವೆ. ಆಗ ಸಣ್ಣ ಸೋಂಕೂ ಗಂಟೆಗಳಲ್ಲಿ ಏರಿಬಿಡಬಹುದು. ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಫೋನ್ ಮಾಡಿ, ಹೊರಡಿ. ಪ್ಯಾರಾಸಿಟಮಾಲ್ ಕೊಟ್ಟು ಬೆಳಿಗ್ಗೆವರೆಗೆ ನೋಡೋಣ ಅನ್ನಬೇಡಿ. ಮಾತ್ರೆಗೆ ಜ್ವರ ಇಳಿಯುತ್ತದೆ, ಸೋಂಕು ಒಳಗೇ ಇರುತ್ತದೆ. ಜ್ವರ ಇಲ್ಲದೆ ಮೈ ಗಡಗಡ ನಡುಗಿದರೂ ಹಾಗೆಯೇ. ಎಮರ್ಜೆನ್ಸಿಯಲ್ಲಿ ಮೊದಲ ಮಾತೇ "ಕೀಮೋ ನಡೀತಿದೆ" ಅಂತಿರಲಿ. ರಾತ್ರಿ ಕರೆ ಮಾಡಬೇಕಾದ ನಂಬರ್ ಇವತ್ತೇ ಕೇಳಿ ಬಾಗಿಲಿಗೆ ಅಂಟಿಸಿ.

ಅಕ್ಕ ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿ ಡಾಕ್ಟರ್‌ಗೆ ತಿಳಿಸಿ, ಕಷಾಯ, ಪುಡಿಗಳನ್ನೂ ಬಿಡದೆ. ಮುಂದೆ ಮಗು ಬೇಕೆಂಬ ಆಸೆ ಇದ್ದರೆ ಮೊದಲ ಕೀಮೋಗೆ ಮುಂಚೆಯೇ ಮಾತಾಡಬೇಕು. ಡಾಕ್ಸೊರುಬಿಸಿನ್ ಹೃದಯದ ಮೇಲೆ ಪರಿಣಾಮ ಮಾಡಬಹುದು, ಅದಕ್ಕೇ ಮೊದಲು ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿಸುತ್ತಾರೆ. ಗಾಬರಿ ಬೇಡ. ರಕ್ತಕಣ ಸಾಲದೆ ಮುಂದಿನ ಕೀಮೋ ಒಂದು ವಾರ ಮುಂದಕ್ಕೆ ಹೋದರೂ ಗಾಬರಿ ಬೇಡ, ಚಿಕಿತ್ಸೆ ಸೋತಿತು ಅಂತ ಅರ್ಥವಲ್ಲ.

ಪುಟ್ಟತಂಗಿ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಎಲ್ಲವನ್ನೂ ಅಕ್ಕನಿಗೆ ಓದಿ ಹೇಳಿದೆ. ಕೂದಲಿನ ಭಾಗ ಬಂದಾಗ ನಿಲ್ಲಿಸಿದೆ, "ಓದು" ಅಂದಳು. ಆಮೇಲೆ ಅವಳೇ ಕೇಳಿದ್ದು: ಆರು ವರ್ಷದ ಮಗಳಿಗೆ ಏನು ಹೇಳುವುದು? ಭಾವ ಏನೂ ಹೇಳುವುದು ಬೇಡ ಅಂತಾರೆ.

ಇಬ್ಬರು ಮಕ್ಕಳ ಅಪ್ಪ:
ಹೇಳಿ. ನನ್ನ ಹೆಂಡತಿಗೆ ಚಿಕಿತ್ಸೆ ಶುರುವಾದಾಗ ನಮ್ಮ ಚಿಕ್ಕವನಿಗೂ ಹೆಚ್ಚುಕಮ್ಮಿ ಅಷ್ಟೇ ವಯಸ್ಸು. ಮನೆಯಲ್ಲಿ ಏನೋ ಆಗಿದೆ ಅಂತ ಮಕ್ಕಳಿಗೆ ಹೇಗೂ ಗೊತ್ತಾಗುತ್ತದೆ, ಅಲ್ವಾ? ಹೇಳದಿದ್ದರೆ ತಾವೇ ಏನೋ ಊಹಿಸಿಕೊಳ್ಳುತ್ತವೆ. ಅವನು ಕೇಳಿದ ಮೊದಲ ಪ್ರಶ್ನೆ, "ನಾನು ಹಟ ಮಾಡಿದ್ದಕ್ಕಾ?" ಅಂತ. ಹಾಗಾಗಿ ಮೂರು ಮಾತು ಸ್ಪಷ್ಟವಾಗಿ ಹೇಳಿ: ಕಾಯಿಲೆಯ ಹೆಸರು ಕ್ಯಾನ್ಸರ್, ಅದು ನಿನ್ನಿಂದ ಬಂದದ್ದಲ್ಲ, ಅಮ್ಮನನ್ನು ಮುಟ್ಟಿದರೆ ಅಂಟುವುದಿಲ್ಲ. ಕೂದಲು ಉದುರುವುದಕ್ಕೆ ಮುಂಚೆಯೇ ಹೇಳಬೇಕು. ಅಮ್ಮ ಸುಸ್ತಾಗಿ ಮಲಗಿದ ದಿನ ಸ್ಕೂಲಿನಿಂದ ಯಾರು ಕರೆದುಕೊಂಡು ಬರುತ್ತಾರೆ ಅನ್ನುವುದನ್ನೂ ಹೇಳಿ. ನಮ್ಮವನಿಗೆ ಅದೇ ದೊಡ್ಡ ಚಿಂತೆಯಾಗಿತ್ತು. ಭಾವನೂ ಜೊತೆಗೆ ಕೂತರೆ ಒಳ್ಳೆಯದು. ಮಗು ಆಮೇಲೆ ಪ್ರಶ್ನೆ ಕೇಳುವುದು ಅವರನ್ನೇ ಇರಬಹುದು.