ಅಪ್‌ಡೇಟ್: ಮನ್‌ಹೈಮ್ ಅಡ್ರೆಸ್ ಮೋಸ ಅಲ್ಲ, ಮನೆ ಸಿಕ್ತು

ಹೋದ ತಿಂಗಳು ಕೇಳಿದ್ನಲ್ಲ, ಜರ್ಮನಿಯ ಮನ್‌ಹೈಮ್‌ನಲ್ಲಿ ರೂಮ್ ಸಿಕ್ಕಿದೆ, ಆದ್ರೆ ಅಡ್ರೆಸ್‌ನಲ್ಲಿ ಬೀದಿ ಹೆಸರೇ ಇಲ್ಲ, ಬರೀ "ಟಿ 4" ಅಂತ ಬರೆದು ಪಕ್ಕಕ್ಕೊಂದು ಮನೆ ನಂಬರ್ ಹಾಕಿದಾರೆ, ಅಡ್ವಾನ್ಸ್ ಕಳಿಸ್ಲಾ ಬೇಡ್ವಾ ಅಂತ. ಅಡ್ರೆಸ್ ಸರಿಯಾಗೇ ಇದೆ! ಅಲ್ಲಿ ಹಳೇ ಊರೊಳಗೆ ಹೆಸರಿರೋದು ಬೀದಿಗಲ್ಲ, ಮನೆಗಳ ಚೌಕಕ್ಕೆ. ಅರಮನೆಗೆ ಬೆನ್ನು ಮಾಡಿ ನಿಂತ್ರೆ ನಡುವಿನ ದೊಡ್ಡ ರಸ್ತೆಯ ಎಡಕ್ಕೆ ಎ ಇಂದ ಕೆ, ಬಲಕ್ಕೆ ಎಲ್ ಇಂದ ಯು, ರಸ್ತೆಯಿಂದ ದೂರ ಹೋದಂಗೆ 1, 2, 3 ಅಂತ ಏರುತ್ತೆ, ಅಂದ್ರೆ ಟಿ ಸಾಲಲ್ಲಿ ನಾಲ್ಕನೇ ಚೌಕ ನಮ್ದು. ಮನೆ ನಂಬರ್ ಮಾತ್ರ ಚೌಕದ ಸುತ್ತ ತಿರುಗಿ ಬರುತ್ತೆ, ಅದು ಗೊತ್ತಿಲ್ದೆ ಸೂಟ್‌ಕೇಸ್ ಎಳ್ಕೊಂಡು ಪೂರ್ತಿ ಒಂದು ಸುತ್ತು ಹಾಕ್ದೆ, ಕೊನೆಗೆ ಒಬ್ರು ಅಜ್ಜಿ ಬಾಗಿಲ ತನಕ ಬಂದು ತೋರ್ಸಿದ್ರು.

ಬರ್ಲಿನ್‌ಗೆ ಹೋಗೋರು ಬೇರೆ ಥರ ಹುಷಾರಾಗಿರಿ. 1920ರಲ್ಲಿ ಸುತ್ತಲಿನ ಊರುಗಳನ್ನೆಲ್ಲ ಸೇರಿಸ್ಕೊಂಡಿದ್ರಿಂದ ಬಾನ್‌ಹೋಫ್‌ಸ್ಟ್ರಾಸ, ಅಂದ್ರೆ ಸ್ಟೇಷನ್ ರೋಡ್, ಒಂದೇ ಊರಲ್ಲಿ ಎಷ್ಟೋ ಇವೆ. ಐದಂಕಿ ಪಿನ್‌ಕೋಡ್ ಹಾಕದೆ ಮ್ಯಾಪ್ ನೋಡ್ಬೇಡಿ.

ಅವತ್ತು ಉತ್ತರ ಕೊಟ್ಟೋರಿಗೆಲ್ಲ ತುಂಬಾ ಥ್ಯಾಂಕ್ಸ್.