ವೀಲ್‌ಚೇರ್‌ನಲ್ಲಿರುವ ಅವ್ವನಿಗೆ ಕ್ರೂಸ್ ಹಡಗಿನಲ್ಲಿ ಯಾವ ಕೋಣೆ ತಗೊಳ್ಳಲಿ?

ಪ್ರಶ್ನೆ: ನವನಗರದ ಮಗಳು, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನಮ್ಮ ಅವ್ವನಿಗೆ ಈಗ 68. ಮೂರು ವರ್ಷದ ಹಿಂದೆ ಲಕ್ವಾ ಹೊಡೆದು ಎಡಗೈ, ಎಡಗಾಲು ಸೋತಿವೆ. ಯಾರಾದರೂ ಹಿಡಿದುಕೊಂಡರೆ ಎಂಟು-ಹತ್ತು ಹೆಜ್ಜೆ ಇಡುತ್ತಾಳೆ, ಅದಕ್ಕಿಂತ ಜಾಸ್ತಿ ಆಗಲ್ಲ, ಉಳಿದದ್ದಕ್ಕೆಲ್ಲ ವೀಲ್‌ಚೇರ್. ಹೋದ ದೀಪಾವಳಿಗೆ ಆಲಮಟ್ಟಿಗೆ ಕರೆದುಕೊಂಡು ಹೋಗಿದ್ದೆವು. ಹಿನ್ನೀರನ್ನು ಬಹಳ ಹೊತ್ತು ನೋಡುತ್ತಾ ಕೂತವಳು "ಸಮುದ್ರ ಇದಕ್ಕಿಂತ ದೊಡ್ಡದಿರ್ತದೇನವಾ?" ಅಂತ ಕೇಳಿದಳು. ಅವತ್ತೇ ಮನಸ್ಸು ಗಟ್ಟಿ ಮಾಡಿದೆ. ತಮ್ಮ ಸಿಂಗಾಪುರದಲ್ಲಿದ್ದಾನೆ, ಅಲ್ಲಿಂದ ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ಕಡೆ ಹೋಗಿ ಬರುವ ನಾಲ್ಕು ರಾತ್ರಿಯ ಹಡಗು ನೋಡಿದ್ದಾನೆ.

ಇಲ್ಲಿ ಏಜೆಂಟರನ್ನು ವಿಚಾರಿಸಿದರೆ ಒಬ್ಬರು "ಹ್ಯಾಂಡಿಕ್ಯಾಪ್ ರೂಮ್ ಇದೆ, ಚಿಂತೆ ಬಿಡಿ" ಅಂತಾರೆ. ಇನ್ನೊಬ್ಬರು "ಸಾದಾ ಬಾಲ್ಕನಿ ರೂಮೇ ತಗೊಳ್ಳಿ, ಬಾತ್‌ರೂಮಿಗೆ ಒಂದೇ ಸಣ್ಣ ಮೆಟ್ಟಿಲು, ಅಡ್ಜಸ್ಟ್ ಆಗುತ್ತೆ" ಅಂತಾರೆ. ಅವ್ವನಿಗೆ ಸ್ನಾನ ಮಾಡಿಸುವವಳು ನಾನೊಬ್ಬಳೇ. ಏನು ಕೇಳಬೇಕು ಅನ್ನೋದೇ ಗೊತ್ತಾಗುತ್ತಿಲ್ಲ. ಹೋಗಿ ಬಂದವರಿದ್ದರೆ ದಯವಿಟ್ಟು ಹೇಳಿ.

ಉತ್ತರ: ವಿಜಯಪುರದಿಂದ

ಅಕ್ಕಾರೆ, ಆ ಎರಡನೇ ಏಜೆಂಟರ ಮಾತು ಕೇಳಲೇಬೇಡಿ. ಆ "ಒಂದೇ ಸಣ್ಣ ಮೆಟ್ಟಿಲು" ಏನು ಮಾಡುತ್ತೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ಅಪ್ಪಾಜಿಗೆ ಸೊಂಟದ ಕೆಳಗೆ ಸ್ವಾಧೀನ ಇಲ್ಲ. ನಮಗೆ ಟಿಕೆಟ್ ಮಾಡಿಸಿಕೊಟ್ಟವರೂ ವೀಲ್‌ಚೇರ್ ರೂಮು ಅಂತಲೇ ಹೇಳಿದ್ದರು. ಹೋಗಿ ನೋಡಿದರೆ ಕೋಣೆಯ ಬಾಗಿಲಲ್ಲಿ ಕುರ್ಚಿ ಕಷ್ಟಪಟ್ಟು ನುಗ್ಗಿತು, ತಾವೇ ಚಕ್ರ ತಳ್ಳಿಕೊಳ್ಳುವ ಅಪ್ಪಾಜಿಯ ಎರಡೂ ಕೈಯ ಗೆಣ್ಣು ಚೌಕಟ್ಟಿಗೆ ತರಚಿ ರಕ್ತ ಬಂತು. ಬಾತ್‌ರೂಮಿನ ಬಾಗಿಲಲ್ಲಿ ಹಿಡಿಸಲೇ ಇಲ್ಲ. ಸಾಲದ್ದಕ್ಕೆ ಅಲ್ಲಿ ನಾಲ್ಕು ಬೆರಳು ಎತ್ತರದ ಉಕ್ಕಿನ ಹೊಸ್ತಿಲು. ಮೂರು ದಿನ ಒದ್ದೆ ಟವೆಲ್‌ನಲ್ಲಿ ಮೈ ಒರೆಸಿದೆ. ಅಪ್ಪಾಜಿ ಒಂದು ಮಾತೂ ಆಡಲಿಲ್ಲ, ಸುಮ್ನೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿಬಿಟ್ಟರು. ಅದು ನನಗೆ ಗೊತ್ತಾಗಿದ್ದು ಎರಡನೇ ದಿನ.

ಹಡಗಿನ ಸಾದಾ ಕೋಣೆಗಳ ಬಾಗಿಲು ಸಾಮಾನ್ಯವಾಗಿ 22-23 ಇಂಚಿನ ಆಸುಪಾಸು. ನಿಜವಾದ ವೀಲ್‌ಚೇರ್ ಕೋಣೆಯದು ಸುಮಾರು 32 ಇಂಚು. ನಿಮ್ಮ ಕುರ್ಚಿ ಅಳೆಯುವಾಗ ಸೀಟು ಅಳೆಯಬೇಡಿ. ಸೀಟು 18 ಇಂಚಿದ್ದರೂ ಚಕ್ರದ ಹೊರಗಿನ ರಿಂಗು ಸೇರಿ 25-26 ಆಗುತ್ತೆ. ಅದೂ ಅವ್ವ ಕೂತಿರುವಾಗಲೇ ಟೇಪು ಹಿಡಿಯಿರಿ, ಮಡಚುವ ಕುರ್ಚಿ ಮನುಷ್ಯರು ಕೂತಾಗಲೇ ಪೂರ್ತಿ ಬಿಚ್ಚಿಕೊಳ್ಳೋದು. ಆಮೇಲೆ ಕೋಣೆ ನಂಬರ್ ಸಮೇತ ಎರಡೂ ಬಾಗಿಲಿನ ಅಳತೆ, ಬಾತ್‌ರೂಮಿನ ಹೊಸ್ತಿಲು ಎಷ್ಟು ಎತ್ತರ ಅನ್ನೋದನ್ನ ಹಡಗಿನ ಕಂಪನಿಯಿಂದಲೇ ಇಮೇಲ್‌ನಲ್ಲಿ ತರಿಸಿಕೊಳ್ಳಿ. ಬಾಯಿಮಾತು ಬೇಡ.

ಉತ್ತರ: ಫಿಸಿಯೋಥೆರಪಿ ಮಾಡುವವಳು, ಬೆಳಗಾವಿ

ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಇನ್ನೊಂದು ಸೇರಿಸುತ್ತೇನೆ. ನಿಮ್ಮ ತಾಯಿಯವರಿಗೆ ಬಲ ಇರೋದು ಬಲಗೈಯಲ್ಲಿ, ಅಲ್ವಾ? ಹಾಗಾದರೆ ಕಮೋಡ್ ಮೇಲೆ ಕೂತಾಗ ಗೋಡೆಯ ಹಿಡಿಕೆ ಅವರ ಬಲಕ್ಕೇ ಬರಬೇಕು. ಹಿಡಿಕೆ ಇದೆ ಅಂತಷ್ಟೇ ಕೇಳಿ ಬಿಟ್ಟರೆ, ಹೋಗಿ ನೋಡಿದಾಗ ಅದು ಎಡಕ್ಕಿರಬಹುದು, ಆಗ ಇದ್ದೂ ಇಲ್ಲದ ಹಾಗೆ. ಮಂಚಕ್ಕೂ ಇದೇ ಲೆಕ್ಕ. ಕೆಲವು ಕೋಣೆಗಳಲ್ಲಿ ಮಂಚದ ಒಂದೇ ಪಕ್ಕಕ್ಕೆ ಕುರ್ಚಿ ಹೋಗುತ್ತೆ. ಕುರ್ಚಿಯಿಂದ ಮಂಚಕ್ಕೆ ದಾಟುವಾಗ ಗಟ್ಟಿ ಇರುವ ಪಕ್ಕ ಮುಂದಾದರೆ ಸುಲಭ, ಹಾಗಾಗಿ ಯಾವ ಪಕ್ಕ ಅಂತ ಮೊದಲೇ ಕೇಳಿಕೊಳ್ಳಿ.

ಸ್ನಾನಕ್ಕೆ ಟಬ್ ಇರುವ ಕೋಣೆ ಬೇಡವೇ ಬೇಡ. ನೆಲ ಒಂದೇ ಮಟ್ಟ ಇದ್ದು, ಗೋಡೆಗೆ ಮಡಚುವ ಸೀಟು, ಕೈಯಲ್ಲಿ ಹಿಡಿಯುವ ಶವರ್ ಇರಬೇಕು. ಕುರ್ಚಿ ಪೂರ್ತಿ ತಿರುಗಲು ಸುಮಾರು 5 ಅಡಿ ಜಾಗ ಬೇಕು. ಅದು ಎಷ್ಟು ಅಂತ ಗೊತ್ತಾಗಬೇಕಾದರೆ ಮನೆಯ ಪಡಸಾಲೆಯಲ್ಲಿ ಸೀಮೆಸುಣ್ಣದಿಂದ 5 ಅಡಿ ಅಗಲದ ವೃತ್ತ ಬರೆಯಿರಿ, ಪಕ್ಕದಲ್ಲಿ ಕಂಪನಿಯವರು ಕೊಟ್ಟ ಬಾತ್‌ರೂಮಿನ ಅಳತೆ ಬರೆಯಿರಿ, ಒಳಗೊಂದು ಪ್ಲಾಸ್ಟಿಕ್ ಕುರ್ಚಿಯನ್ನು ಕಮೋಡ್ ಅಂತ ಇಟ್ಟು ಅವ್ವನನ್ನು ಕೂರಿಸಿ, ಎಬ್ಬಿಸಿ ನೋಡಿ. ನೀವು ಎಲ್ಲಿ ನಿಲ್ಲಬೇಕು ಅನ್ನೋದೂ ಆಗಲೇ ತಿಳಿಯುತ್ತೆ. ನಿಮ್ಮ ಸೊಂಟವೂ ಮುಖ್ಯ ಕಣ್ರೀ.

ನವನಗರದ ಮಗಳು

ಹಿಡಿಕೆ ಯಾವ ಪಕ್ಕ ಅನ್ನೋದು ನನ್ನ ತಲೆಗೇ ಹೊಳೆದಿರಲಿಲ್ಲ. ವಿಜಯಪುರದ ಅಣ್ಣಾರೆ, ನೀರಿನ ವಿಷಯ ಓದಿ ಕಣ್ಣು ತುಂಬಿತು, ನಮ್ಮ ಅವ್ವನೂ ಬಸ್ಸಿನಲ್ಲಿ ಹೋಗುವಾಗ ಹಾಗೇ ಮಾಡುತ್ತಾಳೆ. ಇನ್ನೊಂದು ಕೇಳಲಾ, ಮೇಲಿನ ಡೆಕ್ (ಹಡಗಿನ ಮಹಡಿ) ಒಳ್ಳೇದಾ, ಕೆಳಗಿನದಾ? ಬಾಲ್ಕನಿ ಬೇಕಾ?

ಉತ್ತರ: ಟಿಳಕವಾಡಿ, ಬೆಳಗಾವಿ

ತಂಗೀ, ನನಗೆ ಚಿಕ್ಕಂದಿನಿಂದ ಪೋಲಿಯೋ, ಬ್ಯಾಟರಿ ಸ್ಕೂಟರ್‌ನಲ್ಲೇ ಓಡಾಡುತ್ತೇನೆ. ಎರಡು ಸಲ ಕ್ರೂಸ್ ಹೋಗಿದ್ದೇನೆ. ಕೆಳಗಿನ ಡೆಕ್, ಹಡಗಿನ ನಡುಭಾಗ, ಲಿಫ್ಟಿಗೆ ಹತ್ತಿರ. ಅಲೆ ಎದ್ದಾಗ ಅಲ್ಲಿ ತೂಗಾಟ ಕಡಿಮೆ. ಉದಾಹರಣೆಗೆ ಗೆಂಟಿಂಗ್ ಡ್ರೀಮ್ ಅನ್ನೋ ಕ್ರೂಸ್ ಹಡಗಿನ ಉದ್ದ 335 ಮೀಟರ್. ತುದಿಯಲ್ಲಿ ಕೋಣೆ ಸಿಕ್ಕರೆ ದಿನಕ್ಕೆ ಎಷ್ಟು ಸಲ ತಳ್ಳುತ್ತೀಯಾ? ಅದೂ ಕಾರ್ಪೆಟ್ ಮೇಲೆ ಚಕ್ರ ಭಾರ. ಕುರ್ಚಿಯನ್ನು ಕಾರಿಡಾರಿನಲ್ಲಿ ಬಿಡಲು ಒಪ್ಪಲ್ಲ, ಬೆಂಕಿ ಬಿದ್ದಾಗ ಜನ ಓಡುವ ದಾರಿ ಅದು, ಹಾಗಾಗಿ ಕೋಣೆಯ ಒಳಗೇ ಜಾಗ ಬೇಕು.

ಬಾಲ್ಕನಿ ತಗೋ, ದುಡ್ಡು ಆದರೆ ಖಂಡಿತ ತಗೋ. ದಣಿದ ದಿನ ಅವ್ವ ಕೋಣೆಯಿಂದಲೇ ಸಮುದ್ರ ನೋಡಬಹುದು. ಆದರೆ ಬಾಲ್ಕನಿಯ ಬಾಗಿಲಿಗೂ ಹೊಸ್ತಿಲು ಇರುತ್ತೆ, ಇಳಿಜಾರು ಹಲಗೆ ಇದೆಯಾ ಕೇಳು.

ಇನ್ನು ದಡಕ್ಕೆ ಇಳಿಯುವ ವಿಷಯ. ಪೆನಾಂಗ್‌ನಲ್ಲಿ ಹಡಗು ಜಾರ್ಜ್ ಟೌನ್ ಊರಿನ ದಕ್ಕೆಗೇ ಬಂದು ನಿಲ್ಲುತ್ತೆ. ಫುಕೆಟ್‌ನ ಪಟಾಂಗ್ ಕಡಲತೀರದಲ್ಲಿ ಹಾಗಲ್ಲ, ನೀರಿನ ನಡುವೆ ಲಂಗರು ಹಾಕಿ ಸಣ್ಣ ದೋಣಿಯಲ್ಲಿ ದಡಕ್ಕೆ ಒಯ್ಯುತ್ತಾರೆ. ಅಲೆ ಜೋರಿದ್ದರೆ ವೀಲ್‌ಚೇರ್ ಇಳಿಸಲು ಒಪ್ಪುವುದಿಲ್ಲ. ನಿಮ್ಮ ಹಡಗು ಎಲ್ಲಿ ನಿಲ್ಲುತ್ತೆ ಅಂತ ಮೊದಲೇ ಕೇಳು, ಅವ್ವನಿಗೂ ಹೇಳಿಡು, ಅಲ್ಲಿ ಹೋಗಿ ಆಸೆ ಮುರಿಯುವುದು ಬೇಡ. "ಯಾವುದೋ ಒಂದು ಕೋಣೆ ಗ್ಯಾರಂಟಿ" ಅನ್ನುವ ಅಗ್ಗದ ಟಿಕೆಟ್ ತಗೋಬೇಡ, ಕೋಣೆ ನಂಬರ್ ಕೈಗೆ ಬರಬೇಕು. ಈ ಕೋಣೆಗಳು ಒಂದು ಹಡಗಿನಲ್ಲಿ ಇರೋದೇ ಕೆಲವು, ಬೇಗ ತುಂಬುತ್ತವೆ. ವಿಶೇಷ ಅಗತ್ಯದ ಫಾರಂ ಕೊಡುತ್ತಾರೆ, ಅದರಲ್ಲಿ ಲಕ್ವಾ, ಎಡಗಡೆ, ವೀಲ್‌ಚೇರ್ ಎಲ್ಲ ಮುಚ್ಚಿಡದೆ ಬರೆ. ತುರ್ತು ಹೊತ್ತಿನಲ್ಲಿ ಲಿಫ್ಟ್ ನಡೆಯಲ್ಲ, ಯಾರನ್ನು ಎತ್ತಿ ಒಯ್ಯಬೇಕು ಅನ್ನೋದು ಅವರಿಗೆ ಗೊತ್ತಿರಬೇಕು.

ನವನಗರದ ಮಗಳು

ಇವತ್ತು ಅಳೆದೆವು. ಅವ್ವ ಕೂತಾಗ ಇಪ್ಪತ್ತೈದೂವರೆ ಇಂಚು. ಪಡಸಾಲೆಯಲ್ಲಿ ಸೀಮೆಸುಣ್ಣದ ಗೆರೆ ಹಾಕಿದ್ದೇವೆ, ಅವ್ವ ಅದರೊಳಗೆ ಮೂರು ಸಲ ಎದ್ದು ಕೂತಳು, ನಾಲ್ಕನೇ ಸಲಕ್ಕೆ "ಹಿಡಿಕೆ ಇನ್ನೊಂದಿಷ್ಟು ಮುಂದಿರಬೇಕು" ಅಂತ ತಾನೇ ಹೇಳಿದಳು. ಅದನ್ನೂ ಸೇರಿಸಿ ಕಂಪನಿಗೆ ಇಮೇಲ್ ಬರೆಯುತ್ತಿದ್ದೇನೆ. ಉತ್ತರ ಬಂದ ಮೇಲೆ ಇಲ್ಲೇ ಹಾಕುತ್ತೇನೆ.