ಪದಚರ್ಚೆ: ಹೆಗಲು ನೋವಿನ ಸಂದರ್ಭದಲ್ಲಿ ‘ತೀವ್ರ’ ಮತ್ತು ‘ಮಾನಸಿಕ’

ಮಾನ್ಯರೇ,

ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಚೀಲ ಹೊರುವ ಹಮಾಲರಿಗಾಗಿ ಹೆಗಲು ನೋವಿನ ಬಗ್ಗೆ ಒಂದು ಕರಪತ್ರ ಬರೆಯುತ್ತಿದ್ದೇನೆ. ಕೆಲವು ಪದಗಳ ವಿಷಯದಲ್ಲಿ ಬಲ್ಲವರ ನೆರವು ಬೇಕಾಗಿದೆ.

ವೈದ್ಯರ ‘ಅಕ್ಯೂಟ್’ ಎಂಬುದಕ್ಕೆ ನಮ್ಮಲ್ಲಿ ‘ತೀವ್ರ’ ಎಂದು ಬರೆಯುವುದು ರೂಢಿ. ಆದರೆ ಅಲ್ಲಿ ಹೇಳಬೇಕಾದದ್ದು ನೋವಿನ ಅವಧಿಯನ್ನೇ ಹೊರತು ಬಿರುಸನ್ನಲ್ಲ. ಮೊನ್ನೆ ಚೀಲ ಎತ್ತುವಾಗ ಉಳುಕಿದ ಸಣ್ಣ ನೋವೂ ಅಕ್ಯೂಟ್; 3 ತಿಂಗಳು ಮೀರಿ ಉಳಿದ ಅಥವಾ ಮರುಕಳಿಸುವ ನೋವು, ಅದು ಎಷ್ಟೇ ನಿದ್ದೆಗೆಡಿಸಲಿ, ಕ್ರಾನಿಕ್. ಹೀಗಾಗಿ ‘ಹೊಸ ನೋವು’, ‘ಹಳೆಯ ನೋವು’ ಎಂದರೆ ಸಾಕೆಂಬುದು ನನ್ನ ಅಭಿಪ್ರಾಯ. ನಮ್ಮ ಭಾಗದಲ್ಲಿ ‘ಹಳೇ ಬ್ಯಾನಿ’ ಎಂದರೆ ಯಾರಿಗೂ ವಿವರಣೆ ಬೇಕಾಗುವುದಿಲ್ಲ.

‘ಹೆಗಲು’ ಎಂಬ ಪದವೂ ಅಷ್ಟು ಸರಳವಲ್ಲ. ಹಮಾಲರಿಗೆ ಹೆಗಲೆಂದರೆ ಚೀಲ ಕೂರುವ ಜಾಗ, ಅಂದರೆ ಕುತ್ತಿಗೆಯ ಬುಡದಿಂದ ತೋಳಿನ ತುದಿಯವರೆಗಿನ ಭಾಗ. ಭುಜದ ಕೀಲನ್ನು ಸುತ್ತುವರಿದು ಹಿಡಿದಿಡುವ ನಾಲ್ಕು ಸ್ನಾಯುಗಳ ರಜ್ಜುಗಳಿಗೆ (ಸ್ನಾಯುವನ್ನು ಎಲುಬಿಗೆ ಬಿಗಿಯುವ ಹುರಿಗಳಿಗೆ) ತೊಂದರೆಯಾದಾಗ ನೋವು ಹೆಚ್ಚಾಗಿ ಕಾಣಿಸಿಕೊಳ್ಳುವುದು ತೋಳಿನ ಮೇಲ್ಭಾಗದ ಹೊರಬದಿಯಲ್ಲಿ. ಅದನ್ನು ಅವರು ‘ರಟ್ಟಿ ನೋವು’ ಎನ್ನುತ್ತಾರೆ. ಆದ್ದರಿಂದ ಕರಪತ್ರದಲ್ಲಿ ಹೆಗಲು, ರಟ್ಟೆ ಎರಡನ್ನೂ ಬಳಸಲಿದ್ದೇನೆ.

ನಿಜವಾದ ತೊಡಕು ಇರುವುದು ‘ಮಾನಸಿಕ ಕಾರಣಗಳು’ ಎಂಬಲ್ಲಿ. ಹೊಸ ನೋವಿನಲ್ಲಿ ಪೆಟ್ಟು, ಉರಿಯೂತ, ಮಿತಿಮೀರಿದ ಭಾರ ಇವೇ ಸಾಮಾನ್ಯವಾಗಿ ಎದ್ದು ಕಾಣುತ್ತವೆ. ನೋವು ಹಳತಾದಂತೆ ಅಂಜಿಕೆ, ನಿದ್ದೆಗೇಡು, ಖಿನ್ನತೆ, ಕೂಲಿ ತಪ್ಪೀತೆಂಬ ಚಿಂತೆ ಇವೂ ನೋವಿನೊಂದಿಗೆ ಹೆಣೆದುಕೊಂಡು, ಕೈ ಎಷ್ಟರಮಟ್ಟಿಗೆ ಕೆಲಸಕ್ಕೆ ಒದಗುತ್ತದೆ ಎಂಬುದರ ಮೇಲೆ ಪ್ರಭಾವ ಬೀರುತ್ತವೆ. ರಜ್ಜು ಹರಿದಿರುವುದು ಸ್ಕ್ಯಾನಿನಲ್ಲಿ ಕಂಡರೂ ನೋವೇ ಇಲ್ಲದವರು ಬಹಳ ಮಂದಿ ಇದ್ದಾರೆ. ಅಂದರೆ ರಜ್ಜು ಎಷ್ಟು ಹರಿದಿದೆ ಎಂಬುದೇ ನೋವಿನ ಅಳತೆಯಲ್ಲ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯೂ ನೋವನ್ನು ಇಂದ್ರಿಯ ಮತ್ತು ಭಾವನೆ ಎರಡಕ್ಕೂ ಸೇರಿದ ಅನುಭವವೆಂದೇ ಹೇಳುತ್ತದೆ. ಇಷ್ಟನ್ನೂ ‘ಮಾನಸಿಕ’ ಎಂಬ ಒಂದೇ ಪದದಲ್ಲಿ ತುಂಬಿದರೆ, ದಿನವಿಡೀ ಭಾರ ಹೊತ್ತು ಬಂದ ಮನುಷ್ಯನಿಗೆ ‘ನಿನ್ನ ನೋವು ಸುಳ್ಳು, ಬರೀ ಭ್ರಮೆ’ ಎಂದಂತೆ ಕೇಳಿಸುತ್ತದೆ. ಇದು ಅನ್ಯಾಯವೆಂದು ನಾನು ಗಟ್ಟಿಯಾಗಿ ನಂಬುತ್ತೇನೆ, ಏಕೆಂದರೆ ಆ ನೋವು ಪೂರ್ತಿ ನಿಜ.

ಅವರದೇ ಮಾತುಗಳಲ್ಲಿ ಇದಕ್ಕೆ ದಾರಿ ಇದ್ದಂತಿದೆ. ‘ಕೈ ಎತ್ತಿದ್ರ ನರ ಹರೀತೈತಿ ಅಂತ ಅಂಜಿಕಿ ರೀ’ ಎನ್ನುವವರು ಚಲನೆಯ ಭಯವನ್ನು ಹೇಳುತ್ತಿದ್ದಾರೆ; ಆ ಭಯದಿಂದ ಕೈಯನ್ನು ಅಲುಗಾಡಿಸದೆ ಇಟ್ಟುಕೊಂಡಷ್ಟೂ ಕೀಲು ಬಿಗಿಯುತ್ತದೆ, ಸ್ನಾಯು ಸೊರಗುತ್ತದೆ. ‘ಇನ್ನ ಈ ಕೈ ಹೋತು’ ಎಂಬ ಮಾತು ಇನ್ನೊಂದು ಬಗೆಯದು: ನೋವಿನ ಬಗ್ಗೆ ಕೆಟ್ಟದ್ದನ್ನೇ ಎಣಿಸುತ್ತ ಕೂರುವುದು. ಮೊದಲನೆಯದಕ್ಕೆ ‘ಅಂಜಿಕೆ’ ಎಂದು ಬಳಸಿದ್ದೇನೆ. ಎರಡನೆಯದಕ್ಕೆ ಒಂದೇ ಪದ ನನಗೆ ಸಿಕ್ಕಿಲ್ಲ. ‘ಧೈರ್ಯಗೇಡು’ ಹೊಂದುವುದಿಲ್ಲ, ಅದರಲ್ಲಿ ದೂಷಣೆಯ ಛಾಯೆಯಿದೆ. ಸಿಂಧನೂರು, ಸಿರುಗುಪ್ಪ, ಕಾರಟಗಿ ಕಡೆಯ ಆಡುಮಾತಿನಲ್ಲಿ ಇದಕ್ಕೆ ಬಳಕೆಯಲ್ಲಿರುವ ಪದ ಇದ್ದರೆ, ಅದನ್ನು ಯಾವ ಸಂದರ್ಭದಲ್ಲಿ ಹೇಗೆ ಆಡುತ್ತಾರೆಂಬ ಒಂದು ವಾಕ್ಯದ ಸಮೇತ ದಯವಿಟ್ಟು ತಿಳಿಸಿ.